ಪೋಸ್ಟರ್‌ನಿಂದ ಓಪನ್ ವೈವಾದವರೆಗೆ: ಮುಂಡರಗಿಯ ನೀರಿನ ಮಾತನ್ನು ಧಾರವಾಡದಲ್ಲಿ ಹೇಳಿದ ಅನುಭವ

ಕಳೆದ ತಿಂಗಳು ನನ್ನ ಪಿಎಚ್.ಡಿ. ಓಪನ್ ವೈವಾ, ಅಂದರೆ ಎಲ್ಲರ ಎದುರು ನಡೆಯುವ ಮೌಖಿಕ ಪರೀಕ್ಷೆ, ಮುಗಿಯಿತು. ಅಂದಿನಿಂದ ಹಾಸ್ಟೆಲಿನ ಜೂನಿಯರ್‌ಗಳು, ಗದಗ ಕಡೆಯ ಕಾಲೇಜುಗಳಲ್ಲಿ ಎಂ.ಎಸ್ಸಿ. ಓದುತ್ತಿರುವ ಪರಿಚಯದವರು ಒಬ್ಬೊಬ್ಬರಾಗಿ ಫೋನ್ ಮಾಡುತ್ತಿದ್ದಾರೆ. ಯಾರೂ ಪ್ರಯೋಗದ ಬಗ್ಗೆ ಕೇಳುವುದಿಲ್ಲ. ಪೋಸ್ಟರ್ ಎಲ್ಲಿ ಪ್ರಿಂಟ್ ಹಾಕಿಸಿದಿರಿ, ಸ್ಲೈಡ್ ಎಷ್ಟಿದ್ದವು, ಇಂಗ್ಲಿಷಿನಲ್ಲಿ ಪ್ರಶ್ನೆ ಬಂದರೆ ಏನು ಮಾಡಿದಿರಿ, ಸಿಮಿಲ್ಯಾರಿಟಿ (ಬೇರೆ ಬರಹಗಳೊಡನೆ ಹೋಲಿಕೆ) ಎಷ್ಟು ಬಂತು ಎಂಬುದೇ ಎಲ್ಲರ ಚಿಂತೆ. ಆ ಚಿಂತೆ ನ್ಯಾಯವಾದದ್ದೇ. ಕೋರ್ಸ್‌ವರ್ಕ್‌ನಲ್ಲಿ ಸಂಶೋಧನಾ ವಿಧಾನ ಇತ್ತು, ಪ್ರಕಟಣೆಯ ನೀತಿ ಇತ್ತು. ವರ್ಷಗಟ್ಟಲೆ ಮಾಡಿದ ಕೆಲಸವನ್ನು ಹತ್ತು ನಿಮಿಷದಲ್ಲಿ ಹೇಳಿ ಕೂರುವುದು ಹೇಗೆ ಎಂಬುದು ಮಾತ್ರ ಯಾವ ಪೇಪರಿನಲ್ಲೂ ಇರಲಿಲ್ಲ. ಎಲ್ಲರಿಗೂ ಒಂದೇ ಸಲ ಹೇಳಿದಂತಾಗಲಿ ಎಂದು ಆದದ್ದನ್ನು ಆದ ಹಾಗೆ ಬರೆಯುತ್ತಿದ್ದೇನೆ.

ನನ್ನ ವಿಷಯ ಗದಗ ಜಿಲ್ಲೆ ಮುಂಡರಗಿ ತಾಲ್ಲೂಕಿನ ಕೊಳವೆಬಾವಿ ನೀರಿನಲ್ಲಿರುವ ಫ್ಲೋರೈಡ್. ಆ ಭಾಗದವರಿಗೆ ಇದು ಹೊಸದಲ್ಲ. ನಾನು ಬಾಟಲಿ ಹಿಡಿದು ಓಡಾಡಿದ ಊರುಗಳಲ್ಲಿ ಹಲ್ಲಿನ ಮೇಲೆ ಕಂದು ಗೆರೆ ಇರುವ ಮಕ್ಕಳು ಎದುರಾಗುತ್ತಲೇ ಇದ್ದರು. ಹೆಚ್ಚಿನ ಫ್ಲೋರೈಡ್‌ನಿಂದ ಹಲ್ಲು, ಮೂಳೆ ಕೆಡುವ ಈ ಫ್ಲೋರೋಸಿಸ್ ಭಾರತದಲ್ಲಿ ಮೊದಲು ವರದಿಯಾದದ್ದು 1937ರಲ್ಲಿ, ಆಗಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರು ಜಿಲ್ಲೆಯಿಂದ. ಗ್ರಾನೈಟ್, ನೈಸ್ ಶಿಲೆಗಳಲ್ಲಿರುವ ಫ್ಲೋರೈಟ್, ಅಪಟೈಟ್, ಬಯೋಟೈಟ್‌ನಂಥ ಖನಿಜಗಳಿಂದ ಫ್ಲೋರೈಡ್ ಅಂತರ್ಜಲಕ್ಕೆ ಇಳಿಯುತ್ತದೆ. ನೀರು ಕ್ಷಾರೀಯವಾಗಿದ್ದು, ಬೈಕಾರ್ಬೊನೇಟ್ ಹೆಚ್ಚಿದ್ದು, ಕ್ಯಾಲ್ಸಿಯಂ ಕಡಿಮೆಯಿದ್ದರೆ ಇನ್ನೂ ಹೆಚ್ಚು ಕರಗುತ್ತದೆ. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500, 2012ರ ಆವೃತ್ತಿಯ ಪ್ರಕಾರ ಲೀಟರಿಗೆ 1 ಮಿಲಿಗ್ರಾಂ ಸ್ವೀಕಾರಾರ್ಹ. ಬೇರೆ ನೀರಿನ ಮೂಲವೇ ಇಲ್ಲದಿದ್ದರೆ 1.5ರ ತನಕ ನಡೆಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿಯೂ 1.5 ಎಂದೇ ಹೇಳುತ್ತದೆ. ಈ ಒಂದೂವರೆ ಮುಂದೆ ಮತ್ತೆ ಮತ್ತೆ ಬರುತ್ತದೆ.

ಮೊದಲು ಎದುರಾದದ್ದು ಅಬ್ಸ್ಟ್ರಾಕ್ಟ್, ಸಮ್ಮೇಳನಕ್ಕೆ ಮುಂಚಿತವಾಗಿ ಕಳಿಸಬೇಕಾದ ಸಾರಾಂಶ. ಅದರ ಗಡುವು ಯಾವಾಗಲೂ ನಮ್ಮ ಕೆಲಸಕ್ಕಿಂತ ಮುಂಚೆಯೇ ಬಂದುಬಿಡುತ್ತದೆ. ಮೈಸೂರಿನ ಸಮ್ಮೇಳನ ಇದ್ದದ್ದು ಚಳಿಗಾಲದಲ್ಲಿ, ಅಬ್ಸ್ಟ್ರಾಕ್ಟ್ ಕಳಿಸಬೇಕಾದದ್ದು ಮಳೆಗಾಲದಲ್ಲಿ. ಕೈಯಲ್ಲಿ ಬೇಸಿಗೆಯ ಮಾದರಿಗಳ ಫಲಿತಾಂಶ ಮಾತ್ರ ಇತ್ತು. ಮಳೆ ನಿಂತ ಮೇಲಿನ ಮಾದರಿಗಳನ್ನು ಇನ್ನೂ ತರಬೇಕಿತ್ತು. ಇಂಥ ಹೊತ್ತಿನಲ್ಲಿ "ಫಲಿತಾಂಶಗಳನ್ನು ವಿವರವಾಗಿ ಚರ್ಚಿಸಲಾಗುವುದು" ಎಂದು ಬರೆದು ಕಳಿಸುವುದು ರೂಢಿ. ದಯವಿಟ್ಟು ಹಾಗೆ ಬರೆಯಬೇಡಿ. ಆಯ್ಕೆ ಮಾಡುವವರ ಮುಂದೆ ರಾಶಿ ಇರುತ್ತದೆ. ಒಂದೂ ಅಂಕಿ ಇಲ್ಲದ ಅಬ್ಸ್ಟ್ರಾಕ್ಟ್‌ನಿಂದ ಅವರಿಗೆ ಏನೂ ತಿಳಿಯುವುದಿಲ್ಲ. ಇದ್ದ ಒಂದು ಋತುವಿನ ಅಂಕಿಗಳನ್ನೇ ಕೊಟ್ಟು, ಇದು ಬೇಸಿಗೆಯದ್ದು ಮಾತ್ರ ಎಂದು ಸ್ಪಷ್ಟವಾಗಿ ಬರೆದೆ. ಒಪ್ಪಿಗೆ ಬಂತು.

ಅದಕ್ಕೂ ಮೊದಲು ನನ್ನ ಕರಡನ್ನು ಓದಿ ಗೈಡ್ ಕೇಳಿದ ಪ್ರಶ್ನೆಯೇ ಕಡೆಯ ದಿನದವರೆಗೂ ನನ್ನ ಜೊತೆ ಬಂತು. "ಇದನ್ನ ಓದಿದಾಂವ ಒಂದ ಮಾತು ನೆನಪಿಟ್ಕೊಂಡು ಮನಿಗೆ ಹೋಗ್ತಾನ. ಆ ಮಾತು ಯಾವುದು, ಕನ್ನಡದಾಗ ಹೇಳು ನೋಡೋಣ." ಇಂಗ್ಲಿಷಿನಲ್ಲಿ ಕೇಳಿದ್ದರೆ ಸ್ಪೇಷಿಯಲ್ ವೇರಿಯೇಷನ್, ಹೈಡ್ರೋಜಿಯೋಕೆಮಿಕಲ್ ಫೇಸೀಸ್ ಎಂದು ಏನೋ ಒಂದು ಹೇಳಿಬಿಡಬಹುದಿತ್ತು. ಕನ್ನಡದಲ್ಲಿ ಆ ಮರೆ ಇಲ್ಲ. ಬಹಳ ಹೊತ್ತು ಕೂತ ಮೇಲೆ ಬಂದ ಮಾತು ಇದು: ನಮ್ಮ ಕಡೆ ಬೇಳೆ ಬೇಗ ಬೇಯುತ್ತದೆ, ಸೋಪು ಚೆನ್ನಾಗಿ ನೊರೆ ಬರುತ್ತದೆ ಎಂದು ಜನ ಮೆಚ್ಚುವ ಮೆದು ನೀರಿನಲ್ಲೇ ಹಲವು ಕಡೆ ಫ್ಲೋರೈಡ್ ಒಂದೂವರೆ ದಾಟಿದೆ, ರುಚಿ ನೋಡಿ ನೀರನ್ನು ಆರಿಸಬಾರದು, ಅಳೆಸಬೇಕು. ರಸಾಯನಶಾಸ್ತ್ರದ ದೃಷ್ಟಿಯಿಂದ ಇದರಲ್ಲಿ ಅಚ್ಚರಿಯಿಲ್ಲ. ಕ್ಯಾಲ್ಸಿಯಂ ಕಡಿಮೆಯಾದಾಗ ನೀರು ಮೆದುವಾಗುತ್ತದೆ, ಅದೇ ಕ್ಯಾಲ್ಸಿಯಂ ಇಲ್ಲದ್ದರಿಂದ ಫ್ಲೋರೈಡ್ ಕರಗಿಯೇ ಉಳಿಯುತ್ತದೆ. ಆದರೆ ಆ ಎರಡನ್ನೂ ಜೋಡಿಸಿ ಒಂದು ವಾಕ್ಯ ಮಾಡಿದಾಗ ನನ್ನ ಇಡೀ ಕೆಲಸಕ್ಕೆ ಬೆನ್ನೆಲುಬು ಸಿಕ್ಕಂತಾಯಿತು. ಆಮೇಲೆ ಯಾವ ಗ್ರಾಫ್ ಇರಬೇಕು, ಯಾವುದು ಬೇಡ ಎಂಬುದನ್ನು ಈ ವಾಕ್ಯವೇ ನಿರ್ಧರಿಸಿತು.

ಅಬ್ಸ್ಟ್ರಾಕ್ಟ್‌ಗೆ ಉತ್ತರ ಬರಲು ವಾರಗಟ್ಟಲೆ ಹಿಡಿಯುತ್ತದೆ. ಆ ವಾರಗಳಲ್ಲಿ ಇನ್ನೊಂದು ಬಗೆಯ ಇಮೇಲ್‌ಗಳು ಬರಲು ಶುರುವಾಗುತ್ತವೆ. "ಗೌರವಾನ್ವಿತ ಡಾಕ್ಟರ್" ಎಂದು ಸಂಬೋಧಿಸಿ, ನಿಮ್ಮ ಅಮೂಲ್ಯ ಸಂಶೋಧನೆಯನ್ನು ನಮ್ಮ ಅಂತರರಾಷ್ಟ್ರೀಯ ಸಮ್ಮೇಳನದಲ್ಲಿ ಮಂಡಿಸಿ ಎನ್ನುತ್ತವೆ. ಒಂದೇ ಸಮ್ಮೇಳನದಲ್ಲಿ ಎಂಜಿನಿಯರಿಂಗ್, ಯೋಗ, ಕಾಮರ್ಸ್, ರಸಾಯನಶಾಸ್ತ್ರ ಎಲ್ಲವೂ ಇರುತ್ತವೆ. ಬೆಳಿಗ್ಗೆ ಕಳಿಸಿದರೆ ಸಂಜೆಯೊಳಗೆ ಒಪ್ಪಿಗೆ, ಮರುದಿನ ಶುಲ್ಕದ ನೆನಪೋಲೆ. ನನ್ನ ಗೆಳತಿಯೊಬ್ಬಳು ಸ್ಕಾಲರ್‌ಶಿಪ್ ತಡವಾದ ತಿಂಗಳಲ್ಲೇ ಮನೆಯಿಂದ ದುಡ್ಡು ತರಿಸಿ ಇಂಥದ್ದೊಂದಕ್ಕೆ ಕಟ್ಟಿದಳು. ಸರ್ಟಿಫಿಕೇಟ್ ಬಂತು, ವಿಭಾಗದವರು ಒಪ್ಪಲಿಲ್ಲ. ಅವಳ ಮುಖ ನೆನಪಾದರೆ ಈಗಲೂ ಸಂಕಟವಾಗುತ್ತದೆ. ಹಣ ಕಟ್ಟುವ ಮೊದಲು ಸಮ್ಮೇಳನ ನಡೆಸುವ ಕಾಲೇಜು ಅಥವಾ ಸಂಘದ ಸ್ವಂತ ವೆಬ್‌ಸೈಟಿನಲ್ಲಿ ಅದರ ಸುದ್ದಿ ಇದೆಯೇ ಎಂದು ನೋಡಿ. ಹಿಂದಿನ ವರ್ಷ ಹೋದವರನ್ನು ಕೇಳಿ. ಜರ್ನಲ್ ಆದರೆ ಇನ್ನೂ ಎಚ್ಚರ ಬೇಕು. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) ಒಪ್ಪಿತ ಜರ್ನಲ್‌ಗಳ ಯುಜಿಸಿ-ಕೇರ್ ಪಟ್ಟಿಯನ್ನು 2025ರಲ್ಲಿ ನಿಲ್ಲಿಸಿದ್ದಾರೆ, ಹಾಗಾಗಿ "ಯುಜಿಸಿ ಅನುಮೋದಿತ" ಎಂದು ಈಗಲೂ ಹಾಕಿಕೊಂಡಿರುವ ಜರ್ನಲ್‌ನಿಂದ ದೂರವಿರಿ. ಸ್ಕೋಪಸ್‌ನಲ್ಲಿ, ಅಂದರೆ ಜರ್ನಲ್‌ಗಳ ಅಂತರರಾಷ್ಟ್ರೀಯ ಸೂಚಿಯಲ್ಲಿ, ಇದೆ ಎಂದು ಜರ್ನಲ್ ಹೇಳಿಕೊಂಡರೆ ಸಾಲದು. ಸ್ಕೋಪಸ್‌ನ ಪುಟದಲ್ಲೇ ಹುಡುಕಬೇಕು.

ಇನ್ನೊಂದು ಗೊಂದಲವನ್ನೂ ಇಲ್ಲಿಯೇ ಬಿಡಿಸಿಬಿಡುತ್ತೇನೆ. ಯುಜಿಸಿಯ 2016ರ ನಿಯಮದಲ್ಲಿ ಮಹಾಪ್ರಬಂಧ ಸಲ್ಲಿಸುವ ಮೊದಲು ಒಂದು ಪ್ರಕಟಿತ ಲೇಖನ, ಎರಡು ಸಮ್ಮೇಳನ ಮಂಡನೆ ಕಡ್ಡಾಯವಿತ್ತು. 2022ರ ನಿಯಮದಲ್ಲಿ ಆ ಕಡ್ಡಾಯ ಹೋಗಿದೆ. ಆದರೆ ನಿಮ್ಮ ವಿಶ್ವವಿದ್ಯಾಲಯ ತನ್ನದೇ ನಿಯಮದಲ್ಲಿ ಅದನ್ನು ಉಳಿಸಿಕೊಂಡಿರಬಹುದು. ನೀವು ನೋಂದಣಿಯಾದ ವರ್ಷಕ್ಕೆ ಯಾವ ನಿಯಮ ಅನ್ವಯ ಎಂಬುದನ್ನು ಪಿಎಚ್.ಡಿ. ವಿಭಾಗದಿಂದ ಲಿಖಿತವಾಗಿ ಪಡೆದಿಟ್ಟುಕೊಳ್ಳಿ. ಬಾಯಿಮಾತಿನ ಉತ್ತರ ಒಂದೊಂದು ಟೇಬಲ್ಲಿನಲ್ಲಿ ಒಂದೊಂದು ಸಿಗುತ್ತದೆ.

ಮೈಸೂರಿನಲ್ಲಿ ನನಗೆ ಸಿಕ್ಕಿದ್ದು ಪೋಸ್ಟರ್, ಅಂದರೆ ಕೆಲಸವನ್ನು ಒಂದು ದೊಡ್ಡ ಹಾಳೆಯಲ್ಲಿ ಬೋರ್ಡಿಗೆ ಹಾಕಿ ಪಕ್ಕದಲ್ಲಿ ನಿಂತು ವಿವರಿಸುವುದು. ಕೆಲವರು ಪೋಸ್ಟರ್ ಸಿಕ್ಕರೆ ಬೇಸರಪಡುತ್ತಾರೆ, ನನಗೂ ಮೊದಲು ಮನಸ್ಸು ಚಿಕ್ಕದಾಯಿತು. ಈಗ ಕೇಳಿದರೆ, ಮೊದಲ ಸಲದವರಿಗೆ ಭಾಷಣಕ್ಕಿಂತ ಪೋಸ್ಟರ್ ಒಳ್ಳೆಯದು ಎನ್ನುತ್ತೇನೆ. ಒಬ್ಬೊಬ್ಬರೊಡನೆ ಮಾತಾಡುತ್ತ ಒಂದೇ ವಿಷಯವನ್ನು ದಿನವಿಡೀ ಹೇಳುವ ಅಭ್ಯಾಸ ಅಲ್ಲಿ ಸಿಗುತ್ತದೆ.

ಮೊದಲು ಬೋರ್ಡಿನ ಅಳತೆ ಕೇಳಿ. ಎ-ಝೀರೋ ಎಂದರೆ 841 ಗುಣಿಸು 1189 ಮಿಲಿಮೀಟರ್. ಅದು ಉದ್ದಕ್ಕೋ ಅಡ್ಡಕ್ಕೋ ಎಂಬುದನ್ನು ಆಯೋಜಕರಿಂದಲೇ ತಿಳಿಯಬೇಕು. ಅಕ್ಷರದ ಗಾತ್ರಕ್ಕೆ ಒಂದು ಸುಲಭ ಪರೀಕ್ಷೆ ಇದೆ. ಎ-ಝೀರೋ ಪೋಸ್ಟರನ್ನು ಎ-ಫೋರ್ ಹಾಳೆಯ ಮೇಲೆ ಪ್ರಿಂಟ್ ಹಾಕಿದರೆ ಎಲ್ಲವೂ ಕಾಲು ಭಾಗಕ್ಕೆ ಇಳಿಯುತ್ತದೆ, 24 ಪಾಯಿಂಟಿನ ಅಕ್ಷರ 6 ಪಾಯಿಂಟ್ ಆಗುತ್ತದೆ. ಆ ಹಾಳೆಯನ್ನು ಕೈಯಲ್ಲಿ ಹಿಡಿದು ಓದಲು ಬಂದರೆ ಪೋಸ್ಟರ್ ದೂರದಿಂದಲೂ ಓದಲು ಬರುತ್ತದೆ. 2019ರಲ್ಲಿ ಮೈಕ್ ಮಾರಿಸನ್ ಎಂಬ ಮನೋವಿಜ್ಞಾನದ ಸಂಶೋಧನಾರ್ಥಿ ಪೋಸ್ಟರಿನ ನಡುಮಧ್ಯೆ ಮುಖ್ಯ ಫಲಿತಾಂಶವನ್ನು ಒಂದೇ ದೊಡ್ಡ ವಾಕ್ಯವಾಗಿ ಹಾಕುವ ವಿನ್ಯಾಸವನ್ನು ಮುಂದಿಟ್ಟರು. ನಾನು ಅದನ್ನೇ ಅನುಸರಿಸಿದೆ. ನಡುವೆ ಮೆದು ನೀರಿನ ವಾಕ್ಯ, ಎಡಕ್ಕೆ ಮಾದರಿ ತಂದ ಬಗೆ, ಬಲಕ್ಕೆ ನಕ್ಷೆ.

ನಕ್ಷೆಯ ಬಗ್ಗೆ ಸ್ವಲ್ಪ ಹೇಳಬೇಕು. ಮೊದಲು ಅಲ್ಲಿ ದೊಡ್ಡ ಕೋಷ್ಟಕವಿತ್ತು: ಪಿಎಚ್, ವಿದ್ಯುತ್ ವಾಹಕತೆ, ಗಡಸುತನ, ಸೋಡಿಯಂ, ಎಲ್ಲವೂ ಮೂರು ದಶಮಾಂಶಗಳ ತನಕ. ಉಪಕರಣ ತೋರಿಸುತ್ತದೆ ಎಂದು ಮೂರು ದಶಮಾಂಶ ಬರೆದರೆ ಇಲ್ಲದ ನಿಖರತೆಯನ್ನು ಹೇಳಿದಂತಾಗುತ್ತದೆ. ಕೋಷ್ಟಕ ತೆಗೆದು ತಾಲ್ಲೂಕಿನ ನಕ್ಷೆಯ ಮೇಲೆ ಚುಕ್ಕೆಗಳನ್ನಿಟ್ಟೆ. ಕೆಂಪು ಮತ್ತು ಹಸಿರು ಬಳಸುವುದು ಎಲ್ಲರಿಗೂ ಮೊದಲು ತೋಚುವ ದಾರಿ. ಆದರೆ ವರ್ಣಾಂಧತೆ ಇರುವವರಲ್ಲಿ ಹೆಚ್ಚಿನವರಿಗೆ ಗೊಂದಲವಾಗುವುದು ಆ ಎರಡು ಬಣ್ಣಗಳೇ, ಮತ್ತು ಇದು ಗಂಡಸರಲ್ಲಿ ಹೆಚ್ಚು. ನೀಲಿ ಮತ್ತು ಕಿತ್ತಳೆ ಹಾಕಿದೆ, ಒಂದೂವರೆ ದಾಟಿದ ಬಾವಿಗಳಿಗೆ ಚುಕ್ಕೆಯ ಬದಲು ತ್ರಿಕೋನ ಕೊಟ್ಟೆ. ಕಪ್ಪು-ಬಿಳುಪಿನಲ್ಲಿ ಜೆರಾಕ್ಸ್ ಮಾಡಿದರೂ ಅರ್ಥವಾಗುತ್ತದೆ. ಭೂಜಲ ರಸಾಯನದವರು 1944ರಿಂದ ಬಳಸುತ್ತ ಬಂದಿರುವ ಪೈಪರ್ ಡಯಾಗ್ರಾಮ್ (ನೀರಿನಲ್ಲಿ ಕರಗಿದ ಅಯಾನುಗಳ ಪಾಲು ತೋರಿಸುವ ಚಿತ್ರ) ನನಗೆ ಬಹಳ ಪ್ರಿಯ, ಅದನ್ನು ಪೋಸ್ಟರಿನಿಂದ ತೆಗೆಯುವಾಗ ಹೊಟ್ಟೆ ಉರಿಯಿತು. ಆದರೆ ಆ ವಜ್ರಾಕೃತಿಯನ್ನು ಓದಲು ಬರುವವರು ಹಾಲಿಗೆ ಬಂದ ನೂರು ಜನರಲ್ಲಿ ಕೆಲವೇ ಮಂದಿ. ಅದಕ್ಕೆ ಜಾಗ ಮಹಾಪ್ರಬಂಧದಲ್ಲಿದೆ.

ಪ್ರಿಂಟಿಂಗ್‌ಗೆ ಧಾರವಾಡದಿಂದ ಹುಬ್ಬಳ್ಳಿಗೆ ಚಿಗರಿ ಬಸ್ಸಿನಲ್ಲಿ ಹೋದೆ. ಗ್ಲಾಸಿ ಕಾಗದ ಅಗ್ಗ, ಬಟ್ಟೆಯ ಮೇಲಿನ ಮುದ್ರಣ ಸಾವಿರದ ಆಸುಪಾಸು. ನಾನು ಬಟ್ಟೆಯನ್ನೇ ಆರಿಸಿದೆ. ಮಡಚಿ ಬ್ಯಾಗಿನಲ್ಲಿ ಇಟ್ಟುಕೊಳ್ಳಬಹುದು, ರಾತ್ರಿ ರೈಲಿನಲ್ಲಿ ಉದ್ದನೆಯ ಕೊಳವೆ ಕಾಯುವ ತಾಪತ್ರಯವಿಲ್ಲ. ಅಂಗಡಿಯಲ್ಲಿ ಆದದ್ದನ್ನು ಎಲ್ಲರೂ ಗಮನಿಸಬೇಕು. ಅಲ್ಲಿಯ ಹುಡುಗ ನನ್ನ ಪಿಡಿಎಫ್ ಬಿಟ್ಟು, ಪೆನ್‌ಡ್ರೈವ್‌ನಲ್ಲಿದ್ದ ಪಿಪಿಟಿ ಫೈಲನ್ನೇ ತನ್ನ ಸಾಫ್ಟ್‌ವೇರಿಗೆ ಎಳೆದುಕೊಂಡ. ಪರದೆಯ ಮೇಲೆ ಎಲ್ಲ ಸರಿಯಾಗಿಯೇ ಕಾಣುತ್ತಿತ್ತು. ಪ್ರೂಫ್ ಹಾಳೆಯಲ್ಲಿ ಒಂದೊಂದೇ ಅಂಕಿಯ ಮೇಲೆ ಬೆರಳಿಟ್ಟು ನೋಡುತ್ತ ಹೋದಾಗ ವಿದ್ಯುತ್ ವಾಹಕತೆಯ ಬಳಿ ಬೆರಳು ನಿಂತಿತು. ಮೈಕ್ರೋ ಎಂದು ಸೂಚಿಸುವ ಗ್ರೀಕ್ ಅಕ್ಷರ ಮ್ಯೂ, ಫಾಂಟ್ ಬದಲಾದ್ದರಿಂದ ಇಂಗ್ಲಿಷಿನ ಎಂ ಆಗಿತ್ತು. ಎಂ ಎಂದರೆ ಮಿಲಿ. ಒಂದು ಅಕ್ಷರ ಬದಲಾಗಿ ನೀರಿನ ವಾಹಕತೆ ಸಾವಿರ ಪಟ್ಟು ಏರಿತ್ತು! ಸಮುದ್ರದ ನೀರಿಗೂ ಅಷ್ಟು ವಾಹಕತೆ ಇರುವುದಿಲ್ಲ. ಫೈಲ್ ಕೊಡುವಾಗ ಫಾಂಟ್‌ಗಳನ್ನು ಒಳಗೇ ಸೇರಿಸಿದ ಪಿಡಿಎಫ್ ಮಾತ್ರ ಕೊಡಿ, ಪೆನ್‌ಡ್ರೈವ್‌ನಲ್ಲಿ ಬೇರೇನೂ ಇರದಿರಲಿ. ಚಿತ್ರಗಳು 300 ಡಿಪಿಐ ಇರಲಿ. ಪರದೆಯ ಹೊಳಪಿನ ನೀಲಿ ಮುದ್ರಣದಲ್ಲಿ ಮಂಕಾಗುತ್ತದೆ, ಆದ್ದರಿಂದ ಸಣ್ಣ ಪ್ರೂಫ್ ಒಂದನ್ನು ಕಾಸು ಕೊಟ್ಟಾದರೂ ತೆಗೆಸಿ ನೋಡಿ.

ಪೋಸ್ಟರಿನ ಪಕ್ಕ ನಿಂತಾಗ ಕಲಿತದ್ದು: ಬಂದವರು ಓದಲಿ ಎಂದು ಸುಮ್ಮನಿರಬಾರದು, ಇಡೀ ಕಥೆಯನ್ನು ಒಪ್ಪಿಸಲೂಬಾರದು. "ನೀವು ಯಾವ ವಿಭಾಗದವರು?" ಎಂದು ಕೇಳಿ ಅಲ್ಲಿಂದ ಮಾತು ಶುರುಮಾಡಿದರೆ ಎಷ್ಟು ಹೇಳಬೇಕು ಎಂಬುದು ತಾನೇ ತಿಳಿಯುತ್ತದೆ. ದಂತವೈದ್ಯರೊಬ್ಬರು ಬಂದು ಮಕ್ಕಳ ವಯಸ್ಸಿನ ಬಗ್ಗೆ ಕೇಳಿದರು. ಹಲ್ಲು ರೂಪುಗೊಳ್ಳುವ ಬಾಲ್ಯದಲ್ಲೇ ಹೆಚ್ಚಿನ ಫ್ಲೋರೈಡ್ ದೇಹ ಸೇರಿದರೆ ಕಲೆ ಬೀಳುತ್ತದೆ, ಹಾಗಾಗಿ ಶಾಲೆಗಳ ಬೋರ್‌ವೆಲ್‌ಗಳನ್ನು ನಕ್ಷೆಯಲ್ಲಿ ಬೇರೆಯಾಗಿ ತೋರಿಸಿ ಎಂದರು. ನಮ್ಮ ವಿಭಾಗದಲ್ಲಿ ಯಾರಿಗೂ ಹೊಳೆಯದ ಮಾತು. ಮುಂದಿನ ನಕ್ಷೆಗಳಲ್ಲೆಲ್ಲ ಶಾಲೆಗಳಿಗೆ ಗುರುತು ಹಾಕಿದೆ.

ಮರುವರ್ಷ ಹುಬ್ಬಳ್ಳಿಯಲ್ಲಿ ಒಂದು ವಿಚಾರಸಂಕಿರಣದಲ್ಲಿ ಬಾಯಿಮಾತಿನ ಮಂಡನೆಗೆ ಅವಕಾಶ ಸಿಕ್ಕಿತು. ಹತ್ತು ನಿಮಿಷ ಮಾತು, ಐದು ನಿಮಿಷ ಪ್ರಶ್ನೆ. ಅದರ ತಯಾರಿಗೆ ನಾನು ಹಿಡಿದ ದಾರಿ, ಮೊದಲು ಮೂರು ನಿಮಿಷದ ಮಾತನ್ನು ಕಟ್ಟುವುದು. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯ 2008ರಲ್ಲಿ ಶುರುಮಾಡಿದ "ಮೂರು ನಿಮಿಷದ ಥೀಸಿಸ್" ಸ್ಪರ್ಧೆಯ ನಿಯಮ ಅದು: ಮೂರು ನಿಮಿಷ, ಚಲಿಸದ ಒಂದೇ ಸ್ಲೈಡ್, ವಿಷಯ ಗೊತ್ತಿಲ್ಲದ ಸಭಿಕರು. ಮೂರು ನಿಮಿಷದಲ್ಲಿ ಹೇಳಲು ಬಂದರೆ ಹತ್ತು ನಿಮಿಷಕ್ಕೆ ಹಿಗ್ಗಿಸುವುದು ಸುಲಭ. ನಲವತ್ತು ಸ್ಲೈಡುಗಳನ್ನು ಹತ್ತು ನಿಮಿಷಕ್ಕೆ ಕುಗ್ಗಿಸಲು ಹೊರಟವರು ಕೊನೆಗೆ ಓಡುತ್ತಾರೆ, ಮುಖ್ಯ ಫಲಿತಾಂಶ ಬರುವ ಹೊತ್ತಿಗೆ ಗಂಟೆ ಬಾರಿಸುತ್ತದೆ. ನಿಮಿಷಕ್ಕೆ ಒಂದು ಸ್ಲೈಡ್ ಸಾಕು. ಸ್ಲೈಡಿನ ತಲೆಬರಹದಲ್ಲಿ "ಫಲಿತಾಂಶಗಳು" ಎಂದು ಬರೆಯುವ ಬದಲು ಆ ಸ್ಲೈಡಿನ ಫಲಿತಾಂಶವನ್ನೇ ವಾಕ್ಯವಾಗಿ ಬರೆಯಿರಿ: "ಕ್ಯಾಲ್ಸಿಯಂ ಇಳಿದಲ್ಲಿ ಫ್ಲೋರೈಡ್ ಏರಿದೆ." ಗ್ರಾಫ್ ತೋರಿಸುವಾಗ ಮೊದಲು ಅಡ್ಡಗೆರೆ ಏನು, ಉದ್ದಗೆರೆ ಏನು ಎಂದು ಹೇಳಿ, ಆಮೇಲೆ ಒಂದು ಚುಕ್ಕೆ ತೋರಿಸಿ ಅದು ಯಾವ ಊರಿನದು ಎನ್ನಿ, ಆಮೇಲೆ ಒಟ್ಟು ಚಿತ್ರ. ಅಂಕಿಯ ಏರಿಳಿತ ತೋರಿಸುವ ಎರರ್ ಬಾರ್ ಹಾಕಿದ್ದರೆ ಅದು ಸ್ಟ್ಯಾಂಡರ್ಡ್ ಡೀವಿಯೇಷನ್ನೋ ಸ್ಟ್ಯಾಂಡರ್ಡ್ ಎರರ್ರೋ ಎಂದು ಕೆಳಗೆ ಬರೆದಿರಲಿ. ಕೇಳಿಯೇ ಕೇಳುತ್ತಾರೆ.

ಭಾಷೆಯ ಮಾತು. ಹತ್ತನೆಯ ತರಗತಿವರೆಗೆ ನಾನು ಕನ್ನಡ ಮಾಧ್ಯಮ. ಪಿಯುಸಿಯಲ್ಲಿ ವಿಜ್ಞಾನ ಇಂಗ್ಲಿಷಿಗೆ ತಿರುಗಿದಾಗಿನ ಭಯ ಇನ್ನೂ ಎಲ್ಲೋ ಒಳಗೆ ಇದೆ. ನನಗೆ ಕೈಹಿಡಿದದ್ದು ಇದು: ಮಾತನ್ನು ಮೊದಲು ಕನ್ನಡದಲ್ಲಿ ಕಟ್ಟಿ, ಮನೆಯಲ್ಲಿ ಅವ್ವನ ಮುಂದೆ ಹೇಳಿದೆ. ಅವಳು ಎಲ್ಲಿ "ಹಂಗಂದ್ರ?" ಎಂದಳೋ ಅಲ್ಲೆಲ್ಲ ತರ್ಕದ ಕೊಂಡಿ ಸಡಿಲವಾಗಿತ್ತು, ಭಾಷೆಯ ತೊಂದರೆ ಅಲ್ಲವೇ ಅಲ್ಲ. ಅದನ್ನು ಸರಿಪಡಿಸಿದ ಮೇಲೆ ಇಂಗ್ಲಿಷಿನಲ್ಲಿ ಸಣ್ಣ ಸಣ್ಣ ವಾಕ್ಯ ಮಾಡಿಕೊಂಡೆ. ಮೊದಲ ನಾಲ್ಕು ವಾಕ್ಯ ಮತ್ತು ಕೊನೆಯ ಎರಡು ವಾಕ್ಯ ಬಾಯಿಪಾಠ. ನಡುವಿನದ್ದನ್ನು ಸ್ಲೈಡ್ ನೋಡಿ ಹೇಳುವುದು. ಪೂರ್ತಿ ಬಾಯಿಪಾಠ ಮಾಡಿದರೆ ಒಂದು ಪದ ತಪ್ಪಿದಾಗ ಎಲ್ಲ ನಿಂತುಹೋಗುತ್ತದೆ. ಪ್ರಶ್ನೆ ಬಂದಾಗ ಅದನ್ನು ನಿಮ್ಮ ಮಾತಿನಲ್ಲಿ ಮತ್ತೆ ಹೇಳಿ, "ಇದೇ ಅಲ್ಲವೇ ಸರ್ ನೀವು ಕೇಳಿದ್ದು?" ಎಂದು ಖಚಿತಪಡಿಸಿಕೊಳ್ಳಿ. ಯೋಚಿಸಲು ಸಮಯವೂ ಸಿಗುತ್ತದೆ. ಇಂಗ್ಲಿಷಿನಲ್ಲಿ ತಡವರಿಸಿದರೆ ಅಪರಾಧವೇನಲ್ಲ. ನಮ್ಮ ಕಡೆಯ ಪ್ರಾಧ್ಯಾಪಕರಲ್ಲಿ ಅನೇಕರು ಅದೇ ದಾರಿಯಲ್ಲಿ ಬಂದವರು, ಕನ್ನಡದಲ್ಲಿ ಹೇಳಿ ಎಂದು ಅವರೇ ಹೇಳುತ್ತಾರೆ.

ಅಂದು ಕರೆಂಟ್ ಹೋಯಿತು. ಜನರೇಟರ್ ಶುರುವಾದ ಮೇಲೆ ಪ್ರೊಜೆಕ್ಟರ್ ನನ್ನ ಲ್ಯಾಪ್‌ಟಾಪ್‌ನ ಎಚ್‌ಡಿಎಂಐ ಹಿಡಿಯಲಿಲ್ಲ, ಹಳೆಯ ವಿಜಿಎ ತಂತಿ ಮಾತ್ರ ಇತ್ತು. ಆಯೋಜಕರ ಕಂಪ್ಯೂಟರಿನಲ್ಲಿ ನನ್ನ ಕನ್ನಡ ಊರ ಹೆಸರುಗಳೆಲ್ಲ ಚೌಕಗಳಾಗಿ ಬಂದವು. ಪಿಡಿಎಫ್ ಪ್ರತಿಯೊಂದು ಪೆನ್‌ಡ್ರೈವ್‌ನಲ್ಲಿ, ಇನ್ನೊಂದು ಇಮೇಲಿನಲ್ಲಿ ಇದ್ದದ್ದು ಕಾಪಾಡಿತು. ಸ್ಲೈಡಿನ ಅಳತೆ 16:9ರೋ 4:3ರೋ ಎಂದು ಮೊದಲೇ ಕೇಳುವುದು, ವಿಜಿಎ ಕನ್ವರ್ಟರ್ ಒಂದನ್ನು ಬ್ಯಾಗಿನಲ್ಲಿಡುವುದು, ವಿರಾಮದಲ್ಲಿ ಹೋಗಿ ಒಂದು ಸಲ ಹಾಕಿ ನೋಡುವುದು, ಇಷ್ಟು ಮಾಡಿದರೆ ಎದೆಬಡಿತ ಅರ್ಧ ಇಳಿಯುತ್ತದೆ.

ನಡುವೆ ಪ್ರತಿ ಆರು ತಿಂಗಳಿಗೊಮ್ಮೆ ಸಲಹಾ ಸಮಿತಿಯ ಮುಂದೆ ಪ್ರಗತಿ ಹೇಳಬೇಕು, ಕೊನೆಗೆ ಸಲ್ಲಿಕೆಗೆ ಮುನ್ನ ಎಲ್ಲ ಅಧ್ಯಾಪಕರಿಗೂ ಸಂಶೋಧನಾರ್ಥಿಗಳಿಗೂ ತೆರೆದಿರುವ ಮಂಡನೆ, ಕೊಲೋಕ್ವಿಯಂ. ಇದು ವೈವಾದ ಪೂರ್ವಾಭ್ಯಾಸ ಎಂದೇ ತಿಳಿಯಿರಿ. ಬಂದ ಪ್ರಶ್ನೆಗಳನ್ನು ಗೆಳೆಯರೊಬ್ಬರಿಗೆ ಹೇಳಿ ಬರೆಸಿಕೊಳ್ಳಿ. ನಿಂತವರಿಗೆ ಒಂದೂ ನೆನಪಿರುವುದಿಲ್ಲ.

ಆಮೇಲೆ ಸಿಮಿಲ್ಯಾರಿಟಿ ಪರೀಕ್ಷೆ. ಎಲ್ಲಕ್ಕಿಂತ ಹೆಚ್ಚು ಪುಕಾರು ಇರುವುದು ಇದರ ಬಗ್ಗೆಯೇ. ಯುಜಿಸಿಯ 2018ರ ನಿಯಮದ ಪ್ರಕಾರ ಹೋಲಿಕೆ ಶೇ 10ರ ತನಕ ಇದ್ದರೆ ದಂಡವಿಲ್ಲ. ಅದಕ್ಕಿಂತ ಹೆಚ್ಚಾಗಿ 40ರ ತನಕ ಆದರೆ ನಿಗದಿತ ಅವಧಿಯಲ್ಲಿ, ಆರು ತಿಂಗಳೊಳಗೆ, ತಿದ್ದಿ ಕೊಡಬೇಕು. 60 ದಾಟಿದರೆ ನೋಂದಣಿಯೇ ರದ್ದು. ಉಲ್ಲೇಖ ಕೊಟ್ಟ ಉದ್ಧರಣೆಗಳು, ಗ್ರಂಥಋಣ, ಪರಿವಿಡಿ, ಮುನ್ನುಡಿ, ಕೃತಜ್ಞತೆ, ಪ್ರಮಾಣಿತ ಸಮೀಕರಣಗಳು ಲೆಕ್ಕಕ್ಕೆ ಬರುವುದಿಲ್ಲ. ಸತತ 14 ಪದಗಳ ತನಕದ ಕಾಕತಾಳೀಯ ಹೋಲಿಕೆಯನ್ನೂ ಬಿಡುತ್ತಾರೆ. ಗ್ರಂಥಾಲಯದಲ್ಲಿ ಸರದಿ ದೊಡ್ಡದು, ಪರೀಕ್ಷೆ ನಡೆಸುವವರು ಈ ಎಲ್ಲ ಆಯ್ಕೆಗಳನ್ನು ಹಾಕಿದ್ದಾರೆಯೇ ಎಂದು ವಿನಯದಿಂದಲೇ ಕೇಳಿ ನೋಡಿಕೊಳ್ಳಿ. ನನ್ನ ವರದಿಯಲ್ಲಿ ಬಣ್ಣ ಹತ್ತಿದ್ದು ಹೆಚ್ಚಾಗಿ ವಿಧಾನದ ಅಧ್ಯಾಯಕ್ಕೆ. ಫ್ಲೋರೈಡ್ ಅಳೆಯುವ ಎಲೆಕ್ಟ್ರೋಡ್, ಅಳೆಯುವ ಮುನ್ನ ಮಾದರಿಗೆ ಸೇರಿಸುವ ಟಿಸಾಬ್ ದ್ರಾವಣ, ಪಿಎಚ್ ಹೊಂದಿಸುವುದು, ಇದನ್ನೆಲ್ಲ ಪ್ರಪಂಚದಾದ್ಯಂತ ಒಂದೇ ಪದಗಳಲ್ಲಿ ಬರೆಯುತ್ತಾರೆ. ಪ್ರಮಾಣಿತ ಕೈಪಿಡಿಯನ್ನು ಉಲ್ಲೇಖಿಸಿ, ನಾನು ಮಾಡಿದ್ದೇನು ಎಂಬುದನ್ನು ಮಾತ್ರ ನನ್ನ ವಾಕ್ಯದಲ್ಲಿ ಬರೆದೆ: ಯಾವ ಬಾಟಲಿ, ಎಷ್ಟು ನಿಮಿಷ ನೀರು ಹರಿಸಿದ ಮೇಲೆ ತುಂಬಿಸಿದೆ, ಎಷ್ಟು ದಿನದೊಳಗೆ ಅಳೆದೆ. ಅಧ್ಯಾಯ ಚಿಕ್ಕದಾಯಿತು, ಉತ್ತಮವೂ ಆಯಿತು. ನಿಮ್ಮದೇ ಪ್ರಕಟಿತ ಲೇಖನವೂ ಹೋಲಿಕೆಯಲ್ಲಿ ಸೇರಿಕೊಳ್ಳುತ್ತದೆ. ಅದನ್ನು ಹೊರಗಿಡಲು ಗೈಡ್‌ ಸಹಿಯ ಪತ್ರ ಮೊದಲೇ ಸಿದ್ಧವಿರಲಿ.

ಸಲ್ಲಿಸಿದ ಮೇಲೆ ಕಾಯುವುದು. ಹೊರಗಿನ ಇಬ್ಬರು ಪರೀಕ್ಷಕರ ವರದಿ ಬರಬೇಕು. ಆರು ತಿಂಗಳೊಳಗೆ ಎಲ್ಲ ಮುಗಿಯಬೇಕೆಂದು ನಿಯಮವಿದೆ, ಆದರೆ ಕಾಯುವವರಿಗೆ ನಿಯಮದಿಂದ ಸಮಾಧಾನ ಸಿಗುವುದಿಲ್ಲ. ಫೆಲೋಶಿಪ್ ನಿಂತಿತ್ತು, ಹಾಸ್ಟೆಲ್ ಬಿಡಬೇಕಾಗಿತ್ತು, ಮನೆಯಲ್ಲಿ ಮುಂದೇನು ಎಂಬ ಪ್ರಶ್ನೆ. ಆ ತಿಂಗಳುಗಳನ್ನು ನಾನು ಮುಂಡರಗಿ ತಾಲ್ಲೂಕಿನ ಊರುಗಳಿಗೆ ಕೊಟ್ಟೆ. ನೀರು ಕೊಟ್ಟವರಿಗೆ ಫಲಿತಾಂಶ ಹೇಳುತ್ತೇನೆಂದು ಮಾತು ಕೊಟ್ಟಿದ್ದೆ.

ಮೊದಲ ಊರಿನಲ್ಲಿ ಗ್ರಾಮ ಪಂಚಾಯಿತಿಯ ಹಾಲ್. ಪ್ರೊಜೆಕ್ಟರ್ ಇಲ್ಲ, ಗೋಡೆಗೆ ಅದೇ ಬಟ್ಟೆಯ ಪೋಸ್ಟರ್. ಲೀಟರಿಗೆ 1.5 ಮಿಲಿಗ್ರಾಂ ಎಂದರೆ ಯಾರ ಮುಖದಲ್ಲೂ ಏನೂ ಮೂಡಲಿಲ್ಲ. ಸಾವಿರ ಲೀಟರಿನ ಸಿಂಟೆಕ್ಸ್ ಟ್ಯಾಂಕಿನಲ್ಲಿ ಒಂದೂವರೆ ಗ್ರಾಂ, ತೂಕದಲ್ಲಿ ಕಾಲು ಚಮಚ ಉಪ್ಪಿನಷ್ಟು ಎಂದಾಗ ಹಿಂದಿನ ಸಾಲಿನಲ್ಲಿದ್ದ ಅಜ್ಜಿ ತಟ್ಟನೆ ಕೇಳಿದರು: "ಅಷ್ಟ ಸಣ್ಣದು ಹಲ್ಲು ಕೆಡಸ್ತೈತೇನವಾ?" ದಿನವೂ, ವರ್ಷಗಟ್ಟಲೆ ಕುಡಿದರೆ ಎಂದು ಉತ್ತರ ಕೊಡುವಾಗಲೇ ಇನ್ನೊಬ್ಬರ ಪ್ರಶ್ನೆ: "ಕುದಿಸಿದ್ರ ಹೋಕ್ಕೈತೇನ್ರಿ?" ಇದನ್ನು ನಾನು ಹೋದ ಊರುಗಳಲ್ಲೆಲ್ಲ ಕೇಳಿದರು. ಹೋಗುವುದಿಲ್ಲ. ಕುದಿಸಿದಾಗ ಆವಿಯಾಗುವುದು ನೀರು, ಫ್ಲೋರೈಡ್ ಪಾತ್ರೆಯಲ್ಲೇ ಉಳಿಯುತ್ತದೆ, ಪ್ರಮಾಣ ತುಸು ಹೆಚ್ಚೇ ಆಗುತ್ತದೆ. ರೋಗಾಣು ಸಾಯಲು ಕುದಿಸಿ ಎಂದು ವರ್ಷಗಳಿಂದ ಹೇಳಿಸಿಕೊಂಡವರಿಗೆ ಇದು ಉಲ್ಟಾ ಮಾತು ಅನ್ನಿಸುತ್ತದೆ, ಆದ್ದರಿಂದ ಎರಡನ್ನೂ ಬಿಡಿಸಿ ಹೇಳಬೇಕು. ನನ್ನ ಮಹಾಪ್ರಬಂಧದ ಯಾವ ಅಧ್ಯಾಯದಲ್ಲೂ ಕುದಿಸುವ ಮಾತಿರಲಿಲ್ಲ.

ಒಬ್ಬ ರೈತರು ಬದಿಗೆ ಕರೆದು ನಕ್ಷೆಯಲ್ಲಿ ತಮ್ಮ ಹೊಲ ಕಾಣಿಸುತ್ತದೆಯೇ ಎಂದು ಕೇಳಿದರು. ಹೆಣ್ಣು ಕೇಳಲು ಬರುವವರು, ಹೊಲ ಕೊಳ್ಳಲು ಬರುವವರು ಎಲ್ಲರೂ ನೀರಿನ ಸುದ್ದಿ ವಿಚಾರಿಸುತ್ತಾರಂತೆ. ಸಾರ್ವಜನಿಕವಾಗಿ ತೋರಿಸುವ ನಕ್ಷೆಯಲ್ಲಿ ಖಾಸಗಿ ಬಾವಿಗಳನ್ನು ಕೋಡ್ ಸಂಖ್ಯೆಗೆ ಇಳಿಸಿದೆ, ಅವರವರ ಅಂಕಿಯನ್ನು ಅವರವರ ಕೈಗೇ ಚೀಟಿಯಲ್ಲಿ ಕೊಟ್ಟೆ. ಬರಿ ಅಪಾಯ ಹೇಳಿ ಬರುವುದು ಸರಿಯಲ್ಲ ಎಂದು ಆರೋಗ್ಯ ಇಲಾಖೆಯವರೊಬ್ಬರನ್ನು ಜೊತೆಗೆ ಕರೆದೊಯ್ಯುತ್ತಿದ್ದೆ. ಹೊಳೆಯ ನೀರು ನಲ್ಲಿಗೆ ಬರುವಲ್ಲಿ ಕುಡಿಯಲು ಅದನ್ನೇ ಇಟ್ಟುಕೊಂಡು ಬೋರಿನ ನೀರನ್ನು ಬಳಕೆಗೆ ಮಾತ್ರ ಇಡುವುದು, ಇಲ್ಲದಲ್ಲಿ ಕಾಯಿನ್ ಹಾಕಿ ಕ್ಯಾನ್ ತುಂಬುವ ಶುದ್ಧ ನೀರಿನ ಘಟಕ. ಅಲ್ಲಿಯ ಆರ್‌ಒ ಫ್ಲೋರೈಡನ್ನು ತೆಗೆಯುತ್ತದೆ, ಆದರೆ ಮೆಂಬ್ರೇನ್ ಕಾಲಕಾಲಕ್ಕೆ ಬದಲಿಸಿದರೆ ಮಾತ್ರ. ಈ ಉಪಾಯಗಳಿಲ್ಲದೆ ನನ್ನ ವಾಕ್ಯ ಬರೀ ಹೆದರಿಕೆಯಾಗಿ ಉಳಿಯುತ್ತಿತ್ತು.

ವರದಿಗಳು ಬಂದವು, ವೈವಾ ದಿನಾಂಕ ನಿಗದಿಯಾಯಿತು. ಆ ದಿನ ನಾನು ಮೊದಲ ಸ್ಲೈಡಿನಲ್ಲಿ ಪೀಠಿಕೆ, ಸಾಹಿತ್ಯ ಸಮೀಕ್ಷೆ ಏನನ್ನೂ ಇಡದೆ, ಅಜ್ಜಿಯ ಪ್ರಶ್ನೆಯನ್ನೇ ಇಟ್ಟೆ. ಪರೀಕ್ಷಕರ ಮುಖ ಸಡಿಲವಾಯಿತು. ಪ್ರಶ್ನೆಗಳು ಮಾತ್ರ ಸಡಿಲವಾಗಿರಲಿಲ್ಲ. ಧನ ಅಯಾನುಗಳ ಮೊತ್ತಕ್ಕೂ ಋಣ ಅಯಾನುಗಳ ಮೊತ್ತಕ್ಕೂ ಎಷ್ಟು ವ್ಯತ್ಯಾಸ ಬಂದಿದೆ, ಶೇ 5ರೊಳಗೆ ಇದೆಯೇ? ಇದಕ್ಕೆ ಹಿಂದಿನ ಮೀಸಲು ಸ್ಲೈಡುಗಳಲ್ಲಿ ಕೋಷ್ಟಕವಿತ್ತು, ತೆರೆದು ತೋರಿಸಿದೆ. ಗಾಜಿನ ಬದಲು ಪಾಲಿಥೀನ್ ಬಾಟಲಿ ಏಕೆ? ಫ್ಲೋರೈಡ್ ಗಾಜಿನೊಡನೆ ವರ್ತಿಸಬಹುದು ಎಂದೆ. ಮೆದು ನೀರೆಲ್ಲ ಅಪಾಯದ್ದೇ? ಅಲ್ಲ, ಮಳೆನೀರೂ ಮೆದುವೇ, ನನ್ನ ಮಾತು ಈ ಶಿಲೆಗಳ ನಡುವಿನ ಅಂತರ್ಜಲಕ್ಕೆ ಮಾತ್ರ ಎಂದೆ. ಮೂಳೆಯ ಫ್ಲೋರೋಸಿಸ್ ಬಗ್ಗೆ ಬಂದ ಪ್ರಶ್ನೆಗೆ, ಅದು ನನ್ನ ದತ್ತಾಂಶದ ವ್ಯಾಪ್ತಿಯಲ್ಲಿ ಇಲ್ಲ ಎಂದೆ. ಹಾಗೆ ಹೇಳಿದ್ದಕ್ಕೆ ಯಾರೂ ಸಿಟ್ಟಾಗಲಿಲ್ಲ, ಪರೀಕ್ಷಕರು ಸುಮ್ಮನೆ ತಲೆಯಾಡಿಸಿ ಮುಂದಿನ ಪ್ರಶ್ನೆಗೆ ಹೋದರು. ಮೀಸಲು ಸ್ಲೈಡುಗಳಿಗೆ ಸಂಖ್ಯೆ ಹಾಕಿಟ್ಟು, ಆ ಸಂಖ್ಯೆಗಳ ಚೀಟಿ ಮೇಜಿನ ಮೇಲಿಟ್ಟುಕೊಂಡರೆ ಹುಡುಕುವ ಗಡಿಬಿಡಿ ಇರುವುದಿಲ್ಲ.

ವೈವಾ ಮುಗಿದ ಮೇಲೂ ಕೆಲಸ ಉಳಿದಿರುತ್ತದೆ: ಪರೀಕ್ಷಕರು ಹೇಳಿದ ತಿದ್ದುಪಡಿ, ಗೈಡ್ ಸಹಿ, ಮತ್ತೆ ಬೈಂಡಿಂಗ್, ಶುಲ್ಕದ ಚಲನ್‌ಗಳು. ಪದವಿ ಘೋಷಣೆಗೆ ಮುನ್ನ ಮಹಾಪ್ರಬಂಧದ ಇ-ಪ್ರತಿ ಇನ್‌ಫ್ಲಿಬ್‌ನೆಟ್‌ನ ಆನ್‌ಲೈನ್ ಮಹಾಪ್ರಬಂಧ ಭಂಡಾರ ಶೋಧಗಂಗಾಕ್ಕೆ ಹೋಗಬೇಕು. ನನ್ನದರಲ್ಲಿ ಕೊನೆಗೆ ಎರಡು ಪುಟದ ಕನ್ನಡ ಸಾರ ಅನುಬಂಧವಾಗಿದೆ. ಪಂಚಾಯಿತಿಗಳಿಗೆ ಕೊಟ್ಟದ್ದೂ ಅದೇ, ಕುದಿಸುವ ಪ್ರಶ್ನೆಯ ಉತ್ತರ ಮೊದಲ ಸಾಲಿನಲ್ಲೇ ಇದೆ. ನೀವೂ ಸೇರಿಸುವುದಾದರೆ ನುಡಿ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಬೇಡಿ, ಯೂನಿಕೋಡ್‌ನಲ್ಲೇ ಮಾಡಿ. ಹಳೆಯ ಫಾಂಟಿನ ಅಕ್ಷರ ಕಣ್ಣಿಗೆ ಕಂಡರೂ ಹುಡುಕಿದರೆ ಸಿಗುವುದಿಲ್ಲ, ಮುಂಡರಗಿ ಎಂದು ಟೈಪ್ ಮಾಡಿದವರಿಗೆ ಆ ಎರಡು ಪುಟ ಸಿಗಬೇಕು.